ಒಂದು ಹಳೆಯ ಗಣಕಯಂತ್ರ, ಎರಡು ಜಾಲಗಳು: ಜೋಡಣೆಯ ಕ್ರಮ ಮತ್ತು ಎಚ್ಚರಿಕೆ

ಸಹಕಾರ ಸಂಘ, ಮುದ್ರಣಾಲಯ, ಲೆಕ್ಕಪರಿಶೋಧಕರ ಕಚೇರಿ, ಖಾಸಗಿ ಶಾಲೆ ಮೊದಲಾದ ಕಡೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಹಳೆಯ ಗಣಕಯಂತ್ರವೊಂದು ಮೂಲೆಯ ಮೇಜಿನ ಮೇಲೆ ಇಂದಿಗೂ ಕೆಲಸ ಮಾಡುತ್ತಿರುವುದನ್ನು ಕಾಣಬಹುದು. ಅದನ್ನು ಬದಲಿಸದಿರುವುದಕ್ಕೆ ಜಿಪುಣತನವೊಂದೇ ಕಾರಣವಲ್ಲ. ಯೂನಿಕೋಡ್ ಬರುವುದಕ್ಕೆ ಮುಂಚಿನ ಅಕ್ಷರಸಂಕೇತದಲ್ಲಿ ನುಡಿ, ಬರಹ ತಂತ್ರಾಂಶಗಳ ಮೂಲಕ ಬೆರಳಚ್ಚಿಸಿದ ನೂರಾರು ಕಡತಗಳು ಅದರಲ್ಲಿ ಇರುತ್ತವೆ. ರಸೀದಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕವು ಹಳೆಯ ಸಮಾಂತರ ಪೋರ್ಟನ್ನೇ ಬಯಸುತ್ತದೆ. ಲೆಕ್ಕಪತ್ರದ ತಂತ್ರಾಂಶವನ್ನು ಬರೆದುಕೊಟ್ಟವರು ಈಗ ಆ ಊರಿನಲ್ಲೇ ಇರುವುದಿಲ್ಲ. ಇಂತಹ ಯಂತ್ರವು ಬಹುತೇಕ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಕಾರ್ಯಾಚರಣ ವ್ಯವಸ್ಥೆಯಲ್ಲಿ ನಡೆಯುತ್ತಿರುತ್ತದೆ.

ಕಚೇರಿಯ ಒಳಜಾಲಕ್ಕೆ ಅದು ಮೊದಲಿನಿಂದಲೂ ಜೋಡಿಸಲ್ಪಟ್ಟಿರುತ್ತದೆ. ಮುಂದೊಂದು ದಿನ ಅದೇ ಯಂತ್ರದಿಂದ ಅಂತರಜಾಲವೂ ಬೇಕೆನಿಸುತ್ತದೆ. ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯಿಂದ ಇನ್ನೊಂದು ತಂತಿಯನ್ನು ಎಳೆದು ಸಿಕ್ಕಿಸಲಾಗುತ್ತದೆ. ಅಂತರಜಾಲ ಬರುತ್ತದೆ, ಪ್ರಧಾನ ಕಚೇರಿಯ ಸರ್ವರ್ ಸಂಪರ್ಕ ತಪ್ಪುತ್ತದೆ. ಅಥವಾ ಬೆಳಿಗ್ಗೆ ಎರಡೂ ನಡೆಯುತ್ತವೆ, ಮಧ್ಯಾಹ್ನ ಒಂದು ನಿಲ್ಲುತ್ತದೆ. ತಂತಿಯನ್ನು ಕಿತ್ತು ಹಾಕಿದರೆ ಮತ್ತೆ ಸರಿಹೋಗುತ್ತದೆ. ಹೀಗೆ ದಿನಕ್ಕೆ ನಾಲ್ಕು ಬಾರಿ ತಂತಿ ಬದಲಿಸಿಕೊಂಡೇ ಕೆಲಸ ಸಾಗಿಸುತ್ತಿರುವ ಕಚೇರಿಗಳೂ ಇವೆ. ಹೀಗೇಕೆ ಆಗುತ್ತದೆ, ಸರಿಪಡಿಸುವ ಕ್ರಮವೇನು, ಯಾವ ಸಂದರ್ಭದಲ್ಲಿ ಈ ಜೋಡಣೆಗೆ ಕೈಹಾಕಲೇಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ತೊಂದರೆಯ ಮೂಲ

ತೊಂದರೆ ಇರುವುದು ತಂತಿಯಲ್ಲಿ ಅಲ್ಲ, ವಿಳಾಸ ಹುಡುಕುವ ಕ್ರಮದಲ್ಲಿ. ಅಂಚೆ ಕಚೇರಿಯಲ್ಲಿ ಪತ್ರಗಳನ್ನು ವಿಂಗಡಿಸುವವರನ್ನು ನೆನಪಿಸಿಕೊಳ್ಳಿ. ಎದುರಿಗೆ ಹಲವು ಚೀಲಗಳು ತೂಗುಹಾಕಿರುತ್ತವೆ. ಪತ್ರದ ಮೇಲಿನ ಪಿನ್ ಸಂಖ್ಯೆಗೆ ಸರಿಯಾಗಿ ಹೊಂದುವ ಊರಿನ ಚೀಲವಿದ್ದರೆ ಪತ್ರ ಅದಕ್ಕೆ ಬೀಳುತ್ತದೆ. ಅಂತಹ ಚೀಲ ಇಲ್ಲವಾದರೆ 'ಇತರೆ' ಎಂಬ ದೊಡ್ಡ ಚೀಲಕ್ಕೆ ಹೋಗುತ್ತದೆ. ಗಣಕಯಂತ್ರದೊಳಗೂ ಇಂತಹದೇ ಒಂದು ಮಾರ್ಗಪಟ್ಟಿ ಇರುತ್ತದೆ. ಹೊರಡುವ ಪ್ರತಿಯೊಂದು ಮಾಹಿತಿ ಪೊಟ್ಟಣದ ವಿಳಾಸವನ್ನು ಅದು ಈ ಪಟ್ಟಿಯೊಡನೆ ಹೋಲಿಸಿ, ಅತ್ಯಂತ ನಿಖರವಾಗಿ ಹೊಂದುವ ಸಾಲನ್ನು ಆರಿಸಿಕೊಳ್ಳುತ್ತದೆ. ಯಾವ ಸಾಲೂ ಹೊಂದದಿದ್ದಲ್ಲಿ ಪೊಟ್ಟಣವು 'ಡೀಫಾಲ್ಟ್ ಗೇಟ್‌ವೇ' ಎಂಬ ಹೆಬ್ಬಾಗಿಲಿನ ಕಡೆಗೆ ಸಾಗುತ್ತದೆ.

ಎರಡು ಜಾಲಗಳಿಗೂ ಒಂದೊಂದು ಹೆಬ್ಬಾಗಿಲನ್ನು ಕೊಟ್ಟುಬಿಟ್ಟರೆ 'ಇತರೆ' ಎಂಬ ಚೀಲಗಳು ಎರಡಾಗುತ್ತವೆ. ಆಗ ವಿಂಡೋಸ್ ಪ್ರತಿ ಸಂಪರ್ಕದ 'ಮೆಟ್ರಿಕ್' ಎಂಬ ಅಂಕಿಯನ್ನು ನೋಡಿ ಕಡಿಮೆ ಅಂಕಿಯುಳ್ಳದ್ದನ್ನು ಆರಿಸುತ್ತದೆ. ಎಕ್ಸ್‌ಪಿಯ ಸ್ವಯಂಚಾಲಿತ ಲೆಕ್ಕದಲ್ಲಿ ಈ ಅಂಕಿ ಕಾರ್ಡಿನ ವೇಗವನ್ನು ಅವಲಂಬಿಸುತ್ತದೆ: ಗಿಗಾಬಿಟ್ ಕಾರ್ಡಿಗೆ 10, 100 ಮೆಗಾಬಿಟ್ ಕಾರ್ಡಿಗೆ 20. ಅಂದರೆ ಯಾವ ಕಾರ್ಡು ವೇಗವಾದುದೋ ಅದರ ಕಡೆಗೇ ಎಲ್ಲವೂ ಹರಿಯುತ್ತದೆ. ಬೇಕಾದ ಸರ್ವರ್ ಆ ಕಡೆ ಇದೆಯೋ ಇಲ್ಲವೋ ಎಂಬುದು ಆ ಲೆಕ್ಕಕ್ಕೆ ಸಂಬಂಧಿಸಿದ್ದಲ್ಲ. ಎರಡೂ ಒಂದೇ ವೇಗದ ಕಾರ್ಡುಗಳಾದರೆ ಫಲವನ್ನು ಊಹಿಸುವುದೇ ಕಷ್ಟ.

ವಾಸ್ತವವಾಗಿ ವಿಂಡೋಸ್ ಈ ಬಗ್ಗೆ ಮೊದಲೇ ಎಚ್ಚರಿಸುತ್ತದೆ. ಎರಡನೆಯ ಹೆಬ್ಬಾಗಿಲಿನ ಸಂಖ್ಯೆಯನ್ನು ತುಂಬಿದೊಡನೆ ಒಂದು ಉದ್ದನೆಯ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಒಂದಕ್ಕಿಂತ ಹೆಚ್ಚು ಹೆಬ್ಬಾಗಿಲುಗಳು ಒಂದೇ ಜಾಲಕ್ಕೆ ಬದಲಿ ದಾರಿಯಾಗಿ ಮಾತ್ರ ಉದ್ದೇಶಿತವಾದವು, ಪರಸ್ಪರ ಸಂಬಂಧವಿಲ್ಲದ ಎರಡು ಜಾಲಗಳಿಗೆ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಅದನ್ನು ಓದದೆ 'ಯೆಸ್' ಒತ್ತುವುದು ನಮ್ಮ ಕಚೇರಿಗಳಲ್ಲಿ ರೂಢಿಯಾಗಿಬಿಟ್ಟಿದೆ.

ಪರಿಹಾರ ಸರಳವಾದುದು. ಹೆಬ್ಬಾಗಿಲು ಒಂದೇ ಇರಬೇಕು. ಅದನ್ನು ಅಂತರಜಾಲದ ಕಡೆಗೆ ಇಡಬೇಕು, ಏಕೆಂದರೆ ಅಲ್ಲಿನ ವಿಳಾಸಗಳು ಎಣಿಕೆಗೆ ಸಿಗುವುದಿಲ್ಲ. ಕಚೇರಿಯ ಕಡೆಗೆ ಹೋಗಬೇಕಾದ ವಿಳಾಸಗಳು ಕೆಲವೇ ಆಗಿರುವುದರಿಂದ ಅವುಗಳನ್ನು ಹೆಸರಿಟ್ಟು ಪಟ್ಟಿಗೆ ಸೇರಿಸಬಹುದು.

ಬೇಕಾಗುವ ಸಲಕರಣೆ

ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದೇ ಜಾಲ ಪೋರ್ಟ್ ಇರುತ್ತದೆ. ಎರಡನೆಯದಕ್ಕಾಗಿ ಪಿಸಿಐ ಸ್ಲಾಟಿಗೆ ಸೇರುವ ಕಾರ್ಡನ್ನು ಕೊಳ್ಳಬೇಕು. ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ತೆರೆದು, ಖಾಲಿಯಿರುವುದು ಹಳೆಯ ಪಿಸಿಐ ಸ್ಲಾಟೋ, ಚಿಕ್ಕದಾದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟೋ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ಒಂದರ ಕಾರ್ಡು ಇನ್ನೊಂದಕ್ಕೆ ಕೂರುವುದಿಲ್ಲ. ರಿಯಲ್‌ಟೆಕ್ 8139 ಚಿಪ್ಪುಳ್ಳ ಹಳೆಯ ಕಾರ್ಡುಗಳಿಗೆ ಬೇಕಾದ ಚಾಲಕ ತಂತ್ರಾಂಶ ಎಕ್ಸ್‌ಪಿಯಲ್ಲೇ ಅಡಕವಾಗಿರುವುದರಿಂದ ಅಂತಹ ಕಾರ್ಡು ಸಿಕ್ಕಿದರೆ ಕೆಲಸ ಹಗುರವಾಗುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಹೊಸ ಪರಿವರ್ತಕಗಳಲ್ಲಿ ಎಕ್ಸ್‌ಪಿಗೆ ಚಾಲಕವನ್ನೇ ಒದಗಿಸದವು ಹಲವಿವೆ. ನಿಸ್ತಂತು ಜೋಡಣೆಯಾದರೆ, ಡಬ್ಲ್ಯೂಪಿಎ2 ರಕ್ಷಣೆ ಎಕ್ಸ್‌ಪಿಗೆ ಅಡಕವಾಗಿ ಬಂದದ್ದು 2008ರ ಮೂರನೆಯ ಸರ್ವಿಸ್ ಪ್ಯಾಕಿನೊಡನೆ ಎಂಬುದು ತಿಳಿದಿರಲಿ.

ಎರಡು ತಂತಿಗಳನ್ನು ಎರಡು ಬಣ್ಣದವಾಗಿ ಆರಿಸಿಕೊಂಡು ತುದಿಗೊಂದು ಚೀಟಿ ಅಂಟಿಸಿಡಿ. ಇದು ಸಣ್ಣ ಮಾತೆನಿಸಬಹುದು. ಆದರೆ ಕಸ ಗುಡಿಸುವಾಗ ಕಿತ್ತ ತಂತಿಯನ್ನು ಅದಲುಬದಲಾಗಿ ಸಿಕ್ಕಿಸಿದರೆ ಕೆಳಗೆ ಹೇಳಿರುವ ಎಲ್ಲ ಜೋಡಣೆಯೂ ಕೆಡುತ್ತದೆ.

ಜೋಡಣೆಯ ಕ್ರಮ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಾಖೆಯ ಒಳಜಾಲದ ಸಂಖ್ಯೆಗಳು 10.20.5 ಎಂದು ಆರಂಭವಾಗುತ್ತವೆ. ಅಲ್ಲಿನ ರೂಟರ್ 10.20.5.1. ಪ್ರಧಾನ ಕಚೇರಿಯ ಸರ್ವರ್ ಬೇರೆ ಊರಿನಲ್ಲಿದ್ದು ಅದರ ಸಂಖ್ಯೆ 10.1.1.10. ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ಸಂಖ್ಯೆ 192.168.1.1.

ಮೊದಲು ಜಾಲ ಸಂಪರ್ಕಗಳ ಕಿಟಕಿಯನ್ನು ತೆರೆದು, ಎರಡು ಸಂಪರ್ಕಗಳಿಗೂ ಗುರುತು ಸಿಗುವಂತಹ ಬೇರೆ ಬೇರೆ ಹೆಸರು ಕೊಡಿ. ಅಂತರಜಾಲದ ಕಾರ್ಡನ್ನು ವಿಳಾಸ ತಾನಾಗಿಯೇ ಪಡೆಯುವಂತೆ ಬಿಡಬಹುದು. ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯೇ ಸಂಖ್ಯೆಯನ್ನೂ ಹೆಬ್ಬಾಗಿಲನ್ನೂ ಕೊಡುತ್ತದೆ. ಕಚೇರಿಯ ಕಾರ್ಡಿಗೆ ಮಾತ್ರ ಸಂಖ್ಯೆಯನ್ನು ಕೈಯಿಂದಲೇ ತುಂಬಬೇಕು: ವಿಳಾಸ 10.20.5.40, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ ಜಾಗ ಖಾಲಿ. ಈ ಖಾಲಿ ಬಿಡುವುದೇ ಇಡೀ ಕೆಲಸದ ತಿರುಳು. 40 ಎಂಬ ಸಂಖ್ಯೆ ಬೇರೆ ಯಂತ್ರಕ್ಕೆ ಹಂಚಿಕೆಯಾಗಿಲ್ಲವೆಂಬುದನ್ನು ಜಾಲ ನೋಡಿಕೊಳ್ಳುವವರಿಂದ ಖಚಿತಪಡಿಸಿಕೊಳ್ಳಿ.

ಇಷ್ಟಕ್ಕೆ ಶಾಖೆಯೊಳಗಿನ ಮುದ್ರಕ, ಪಕ್ಕದ ಮೇಜಿನ ಯಂತ್ರ ಇವೆಲ್ಲ ಸಿಗುತ್ತವೆ. ಅವು ಅದೇ ಜಾಲದಲ್ಲಿರುವುದರಿಂದ ಅವುಗಳಿಗೆ ದಾರಿ ತೋರುವ ಸಾಲು ಪಟ್ಟಿಯಲ್ಲಿ ತಾನಾಗಿಯೇ ಸೇರಿರುತ್ತದೆ. ಸಿಗದೆ ಉಳಿಯುವುದು ಪ್ರಧಾನ ಕಚೇರಿಯ ಸರ್ವರ್ ಮಾತ್ರ. 'ಹತ್ತಿರದ್ದು ಸಿಗುತ್ತದೆ, ದೂರದ್ದು ಸಿಗುವುದಿಲ್ಲ' ಎಂಬ ದೂರು ಬಂದರೆ ಕಾರಣವನ್ನು ಇಲ್ಲೇ ಹುಡುಕಬೇಕು.

ದೂರದ ಸರ್ವರಿಗೆ ದಾರಿ ತೋರಲು ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ವಿಂಡೋಸ್ 7 ಆದರೆ ಅದನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆಯುವುದು ಅವಶ್ಯ. ಬಳಿಕ ಇಂಗ್ಲಿಷ್ ಅಕ್ಷರಗಳಲ್ಲಿ ಈ ಆದೇಶವನ್ನು ಬೆರಳಚ್ಚಿಸಬೇಕು: 'ರೂಟ್ -ಪಿ ಆಡ್ 10.1.1.0 ಮಾಸ್ಕ್ 255.255.255.0 10.20.5.1'. 10.1.1 ಎಂದು ಆರಂಭವಾಗುವ ಯಾವುದೇ ವಿಳಾಸಕ್ಕೆ ಹೋಗುವ ಮಾಹಿತಿಯನ್ನು ಶಾಖೆಯ ರೂಟರಿಗೆ ಒಪ್ಪಿಸು ಎಂದು ಇದರರ್ಥ. ಅಡ್ಡಗೆರೆಯೊಡನೆ ಬರುವ 'ಪಿ' ಅಕ್ಷರವನ್ನು ಬಿಟ್ಟರೆ ಆದೇಶ ಈಗ ಕೆಲಸ ಮಾಡುತ್ತದೆ, ಯಂತ್ರವನ್ನು ಆರಿಸಿ ಹಚ್ಚಿದ ಮೇಲೆ ಮಾಯವಾಗುತ್ತದೆ. ಸಂಜೆ ಸರಿಯಿದ್ದದ್ದು ಮರುದಿನ ಬೆಳಿಗ್ಗೆ ಕೆಟ್ಟಿತೆಂಬ ದೂರಿಗೆ ಹಲವು ಬಾರಿ ಈ ಒಂದು ಅಕ್ಷರವೇ ಕಾರಣ.

ಆದೇಶವನ್ನು ಯಂತ್ರ ನಿರಾಕರಿಸುವುದೂ ಉಂಟು. ಕೊನೆಯಲ್ಲಿ ಕೊಡುವ ರೂಟರಿನ ಸಂಖ್ಯೆ ಆ ಕಾರ್ಡಿನ ಜಾಲದಲ್ಲೇ ಇರಬೇಕು, ಇಲ್ಲವಾದರೆ ಒಪ್ಪುವುದಿಲ್ಲ. ಮಾಸ್ಕ್ ಮತ್ತು ವಿಳಾಸ ಹೊಂದದಿದ್ದರೂ ಅಷ್ಟೆ. ಉದಾಹರಣೆಗೆ ಮಾಸ್ಕ್ 255.255.0.0 ಎಂದಾದರೆ ವಿಳಾಸವನ್ನು 10.1.0.0 ಎಂದು ಬರೆಯಬೇಕು, 10.1.1.0 ಎಂದಲ್ಲ. ಪ್ರಧಾನ ಕಚೇರಿಯ ಸರ್ವರುಗಳು 10ರಿಂದ ಆರಂಭವಾಗುವ ಹಲವು ಜಾಲಗಳಲ್ಲಿ ಹರಡಿಕೊಂಡಿದ್ದರೆ 10.0.0.0, ಮಾಸ್ಕ್ 255.0.0.0 ಎಂಬ ಒಂದೇ ಸಾಲಿನಿಂದ ಎಲ್ಲವನ್ನೂ ತಲುಪಬಹುದು. ಆದರೆ ಬೇಕಾದಷ್ಟನ್ನೇ ಸೇರಿಸುವುದು ಲೇಸು. ಅಗತ್ಯವಿಲ್ಲದ ದಾರಿಯನ್ನು ತೆರೆದಿಡುವುದರಿಂದ ಯಾವ ಲಾಭವೂ ಇಲ್ಲ.

ಪರೀಕ್ಷಿಸುವಾಗ ಹತ್ತಿರದಿಂದ ದೂರಕ್ಕೆ ಹೋಗಬೇಕು. 'ಪಿಂಗ್' ಆದೇಶದಿಂದ ಮೊದಲು 10.20.5.1, ಬಳಿಕ 10.1.1.10, ಆಮೇಲೆ 192.168.1.1, ಕೊನೆಗೆ ಹೊರಗಿನ ಒಂದು ಸಂಖ್ಯೆ. ಎಲ್ಲಿ ಉತ್ತರ ನಿಲ್ಲುತ್ತದೋ ತೊಂದರೆ ಅಲ್ಲಿದೆ. ಕೆಲವು ಸರ್ವರುಗಳು ಪಿಂಗ್‌ಗೆ ಉತ್ತರಿಸದಂತೆ ಬಿಗಿ ಮಾಡಿರುತ್ತಾರೆ. ಆಗ 'ಟ್ರೇಸರ್ಟ್' ಆದೇಶ ಕೊಟ್ಟರೆ ಮೊದಲ ಹೆಜ್ಜೆ ಯಾವ ರೂಟರಿನ ಕಡೆಗೆ ಬಿದ್ದಿತೆಂಬುದಾದರೂ ತಿಳಿಯುತ್ತದೆ. 'ರೂಟ್ ಪ್ರಿಂಟ್' ಎಂದರೆ ಇಡೀ ಮಾರ್ಗಪಟ್ಟಿ ಪರದೆಗೆ ಬರುತ್ತದೆ. ಅದರಲ್ಲಿ 0.0.0.0 ಎಂದು ಆರಂಭವಾಗುವ ಸಾಲು ಒಂದೇ ಇರಬೇಕು. ಎರಡಿದ್ದರೆ ಎಲ್ಲೋ ಒಂದು ಗೇಟ್‌ವೇ ಉಳಿದುಕೊಂಡಿದೆ ಎಂದರ್ಥ.

ಎರಡೂ ಕಡೆ ಒಂದೇ ಸಂಖ್ಯೆ ಇದ್ದರೆ

ಖಾಸಗಿ ಜಾಲಗಳಿಗೆಂದೇ ಮೂರು ಸಂಖ್ಯಾಶ್ರೇಣಿಗಳನ್ನು 1990ರ ದಶಕದಲ್ಲಿ ಮೀಸಲಿಡಲಾಯಿತು: 10ರಿಂದ ಆರಂಭವಾಗುವುವು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವುವು. ಯಾರು ಬೇಕಾದರೂ ಯಾರನ್ನೂ ಕೇಳದೆ ಬಳಸಬಹುದಾದ ಸಂಖ್ಯೆಗಳಿವು. ಅನುಕೂಲವೂ ಅದೇ, ತೊಡಕೂ ಅದೇ. ಬ್ರಾಡ್‌ಬ್ಯಾಂಡ್ ಪೆಟ್ಟಿಗೆಗಳು ಬಹಳಷ್ಟು 192.168.1.1 ಎಂಬ ಸಂಖ್ಯೆಯೊಡನೆಯೇ ಕಾರ್ಖಾನೆಯಿಂದ ಬರುತ್ತವೆ. ಕಚೇರಿಯ ಒಳಜಾಲವನ್ನು ಹಾಕಿಕೊಟ್ಟವರೂ ಅದನ್ನೇ ಆರಿಸಿದ್ದರೆ ಎರಡು ಬೇರೆ ಬೇರೆ ಓಣಿಗಳಿಗೆ ಒಂದೇ ಹೆಸರಿಟ್ಟಂತಾಗುತ್ತದೆ. ಆಗ ಮಾರ್ಗಪಟ್ಟಿಯಲ್ಲಿ ಏನು ಬರೆದರೂ ಪ್ರಯೋಜನವಿಲ್ಲ.

ಒಂದು ಕಡೆಯ ಸಂಖ್ಯೆ ಬದಲಾಗಲೇಬೇಕು. ಬ್ರಾಡ್‌ಬ್ಯಾಂಡ್ ಕಡೆಯದನ್ನು ಬದಲಿಸುವುದು ಸುಲಭ. ಪೆಟ್ಟಿಗೆಯ ಸಂಯೋಜನಾ ಪುಟವನ್ನು ತೆರೆದು ಅದರ ಒಳಬದಿಯ ಸಂಖ್ಯೆಯನ್ನು 192.168.50.1 ಎಂದು ತಿದ್ದಿ, ಎಲ್ಲವನ್ನೂ ಒಮ್ಮೆ ಆರಿಸಿ ಹಚ್ಚಿದರೆ ಸಾಕು.

ಹೆಸರುಗಳ ಸಮಸ್ಯೆ

ಸಂಖ್ಯೆಯಿಂದ ಸರ್ವರ್ ಸಿಗುತ್ತದೆ, ಹೆಸರಿನಿಂದ ಸಿಗುವುದಿಲ್ಲ ಎಂಬ ಸ್ಥಿತಿ ಇದರ ನಂತರ ಬರುವುದುಂಟು. ಹೆಸರನ್ನು ಸಂಖ್ಯೆಯಾಗಿ ತಿರುಗಿಸುವ ಡಿಎನ್‌ಎಸ್ ಸೇವೆಯೂ ಈಗ ಎರಡು ಕಡೆ ಇರುವುದೇ ಕಾರಣ. ಕಚೇರಿಯ ಒಳಗಿನ ಸರ್ವರಿನ ಹೆಸರನ್ನು ಹೊರಗಿನ ಡಿಎನ್‌ಎಸ್ ಕೇಳಿಯೇ ಇರುವುದಿಲ್ಲ. 'ಅಂತಹ ಹೆಸರಿಲ್ಲ' ಎಂದು ಅದು ಖಚಿತವಾಗಿ ಉತ್ತರಿಸಿಬಿಟ್ಟರೆ ವಿಂಡೋಸ್ ಹುಡುಕುವುದನ್ನೇ ನಿಲ್ಲಿಸಬಹುದು.

ಒಳಗಿನ ಸರ್ವರುಗಳು ಎರಡೋ ಮೂರೋ ಆಗಿದ್ದರೆ 'ಹೋಸ್ಟ್ಸ್' ಎಂಬ ಪುಟ್ಟ ಕಡತವೇ ಒಳ್ಳೆಯ ಉಪಾಯ. ವಿಂಡೋಸ್ ಫೋಲ್ಡರಿನ ಒಳಗೆ ಸಿಸ್ಟಂ32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಎಂಬ ಫೋಲ್ಡರಿನಲ್ಲಿ ಇದು ಇದೆ. ನೋಟ್‌ಪ್ಯಾಡಿನಲ್ಲಿ ತೆರೆದು, ಒಂದು ಸಾಲಿನಲ್ಲಿ ಮೊದಲು ಸಂಖ್ಯೆ, ಸ್ವಲ್ಪ ಜಾಗ ಬಿಟ್ಟು ಹೆಸರು ಬರೆದು ಉಳಿಸಬೇಕು. ಡಿಎನ್‌ಎಸ್ ಅನ್ನು ಕೇಳುವ ಮೊದಲೇ ವಿಂಡೋಸ್ ಇದನ್ನು ನೋಡುತ್ತದೆ. ಕಡತದ ಹೆಸರಿಗೆ ಬಾಲವಿಲ್ಲ. ನೋಟ್‌ಪ್ಯಾಡ್ ತಾನಾಗಿ 'ಟಿಎಕ್ಸ್‌ಟಿ' ಎಂಬ ಬಾಲ ಸೇರಿಸಿದರೆ ಪ್ರಯೋಜನವಾಗದು.

ಸೇತುವೆಯ ಅಪಾಯ

ಇಲ್ಲಿಯವರೆಗಿನದು ಕೈಚಳಕದ ಮಾತು. ಇದನ್ನು ಮಾಡಬೇಕೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಒಳಜಾಲವನ್ನು ಹೊರಜಗತ್ತಿನಿಂದ ಬೇರೆಯಾಗಿ ಇಟ್ಟಿರುವುದಕ್ಕೆ ಕಾರಣವಿರುತ್ತದೆ. ಎರಡೂ ಕಡೆ ಕಾಲಿಟ್ಟ ಯಂತ್ರ ಆ ಗೋಡೆಯಲ್ಲಿ ಒಂದು ಬಾಗಿಲಾಗುತ್ತದೆ, ಅದೂ ತೀರಾ ದುರ್ಬಲವಾದ ಬಾಗಿಲು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು; ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು.

2017ರ ಮೇ 12ರಂದು ಹಬ್ಬಲಾರಂಭಿಸಿದ ವಾನ್ನಾಕ್ರೈ ಹುಳುವನ್ನು ಇಲ್ಲಿ ನೆನೆಯಬೇಕು. ಯಾರೂ ಯಾವ ಕೊಂಡಿಯನ್ನೂ ಒತ್ತದಿದ್ದರೂ ಅದು ಯಂತ್ರದಿಂದ ಯಂತ್ರಕ್ಕೆ ದಾಟುತ್ತಿತ್ತು. ವಿಂಡೋಸಿನ ಕಡತ ಹಂಚಿಕೆ ವ್ಯವಸ್ಥೆಯ ಹಳೆಯ ಆವೃತ್ತಿಯ ಲೋಪವೇ ಅದರ ದಾರಿ. ಹೊಕ್ಕ ಯಂತ್ರದಿಂದ ಅದು ಅಂತರಜಾಲದ ವಿಳಾಸಗಳನ್ನೂ, ಆ ಯಂತ್ರದ ಪಕ್ಕದ ಸ್ಥಳೀಯ ಜಾಲವನ್ನೂ ತಡಕುತ್ತಿತ್ತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯ ಹಲವು ಆಸ್ಪತ್ರೆಗಳು ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಅದಕ್ಕೆ ಹೆಚ್ಚಾಗಿ ಬಲಿಯಾದವು ಎಕ್ಸ್‌ಪಿ ಯಂತ್ರಗಳಲ್ಲ, ಎರಡು ತಿಂಗಳ ಹಿಂದೆಯೇ ಬಂದಿದ್ದ ತೇಪೆಯನ್ನು ಹಾಕಿಸಿಕೊಳ್ಳದಿದ್ದ ವಿಂಡೋಸ್ 7 ಯಂತ್ರಗಳು ಎಂಬುದನ್ನೂ ಗಮನಿಸಬೇಕು.

ಆದುದರಿಂದ ಜೋಡಣೆ ಅನಿವಾರ್ಯವಾದಲ್ಲಿ ಅಂತರಜಾಲದ ಕಾರ್ಡಿನ ಗುಣಲಕ್ಷಣಗಳ ಪುಟಕ್ಕೆ ಹೋಗಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್', 'ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್' ಎಂಬ ಎರಡರ ಗುರುತನ್ನೂ ತೆಗೆಯಿರಿ. ಆ ಕಾರ್ಡಿನಲ್ಲಿ ಅಂತರಜಾಲಕ್ಕೆ ಇವುಗಳ ಅಗತ್ಯವಿಲ್ಲ. ಫೈರ್‌ವಾಲ್ ಎರಡೂ ಕಡೆ ಚಾಲನೆಯಲ್ಲಿರಲಿ. ಎರಡು ಸಂಪರ್ಕಗಳನ್ನು ಒಟ್ಟಿಗೆ ಆಯ್ದು 'ಬ್ರಿಡ್ಜ್' ಮಾಡುವ ಸೌಲಭ್ಯವನ್ನು ಎಂದೂ ಒತ್ತಬೇಡಿ. ಅದು ಎರಡು ಜಾಲಗಳನ್ನು ಬೆಸೆದು ಒಂದಾಗಿಸುತ್ತದೆ. ಅಂತರಜಾಲ ಸಂಪರ್ಕವನ್ನು ಇತರರಿಗೆ ಹಂಚುವ ಸೌಲಭ್ಯವೂ ಬೇಡ. ಅದನ್ನು ಚಾಲೂ ಮಾಡಿದೊಡನೆ ಎಕ್ಸ್‌ಪಿ ಯಂತ್ರವು ಕಚೇರಿಯ ಕಾರ್ಡಿನ ವಿಳಾಸವನ್ನು 192.168.0.1 ಎಂದು ಬದಲಿಸಿ, ಅಲ್ಲಿನ ಯಂತ್ರಗಳಿಗೆ ತಾನೇ ಸಂಖ್ಯೆ ಹಂಚತೊಡಗುತ್ತದೆ. ಇಡೀ ಶಾಖೆಯ ಕೆಲಸ ನಿಲ್ಲಲು ಇಷ್ಟು ಸಾಕು.

ಬ್ಯಾಂಕು, ಸರ್ಕಾರಿ ಕಚೇರಿ, ಆಸ್ಪತ್ರೆಗಳ ಒಳಜಾಲವಾದರೆ ಮೇಲಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ತಂತಿ ಮುಟ್ಟುವುದೇ ತಪ್ಪು. ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದೆ. 'ಅನುಕೂಲಕ್ಕೆಂದು ನಾವೇ ಜೋಡಿಸಿಕೊಂಡೆವು' ಎಂಬ ವಿವರಣೆ ಅಂತಹ ವರದಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಬೇರೆ ದಾರಿಗಳು

ಎಕ್ಸ್‌ಪಿ ಯಂತ್ರಕ್ಕೆ ಅಂತರಜಾಲ ಕೊಟ್ಟರೂ ಹೆಚ್ಚು ಫಲವಿಲ್ಲ ಎಂಬುದು ಇಂದಿನ ವಾಸ್ತವ. ಅದರ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ಕ್ಕೆ ಗೊತ್ತಿರುವ ಟಿಎಲ್‌ಎಸ್ ಗೂಢಲಿಪಿ ಆವೃತ್ತಿ 1.0 ಮಾತ್ರ. ಬ್ಯಾಂಕು ಮೊದಲಾದವುಗಳ ಜಾಲತಾಣಗಳು ಅದನ್ನು ಒಪ್ಪುವುದನ್ನು ಬಿಟ್ಟಿವೆ. ಕ್ರೋಮ್ 2016ರಲ್ಲೂ ಫೈರ್‌ಫಾಕ್ಸ್ 2018ರಲ್ಲೂ ಎಕ್ಸ್‌ಪಿಯನ್ನು ಕೈಬಿಟ್ಟವು. ಹೀಗಿರಲಾಗಿ ಹಳೆಯ ಯಂತ್ರವನ್ನು ಒಳಜಾಲಕ್ಕೆ ಮಾತ್ರ ಉಳಿಸಿಕೊಂಡು, ಅಂತರಜಾಲಕ್ಕೆ ಪಕ್ಕದಲ್ಲಿ ಇನ್ನೊಂದು ಅಗ್ಗದ ಹೊಸ ಯಂತ್ರವನ್ನು ಇಡುವುದೇ ನಮ್ಮ ಮಟ್ಟಿಗೆ ಮೊದಲ ಆಯ್ಕೆ. ಮೇಜಿನ ಮೇಲೆ ಜಾಗವಿಲ್ಲದಿದ್ದರೆ ಕೆವಿಎಂ ಸ್ವಿಚ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ ಒಂದೇ ಪರದೆ, ಒಂದೇ ಕೀಲಿಮಣೆಯಿಂದ ಎರಡನ್ನೂ ನಡೆಸಬಹುದು.

ಹಳೆಯ ಯಂತ್ರ ಹೋಗಬೇಕಾಗಿರುವುದು ಅಂತರಜಾಲಕ್ಕಲ್ಲ, ಇನ್ನೊಂದು ಒಳಜಾಲಕ್ಕೆ ಎಂದಾದರೆ ಎರಡನೆಯ ಕಾರ್ಡೇ ಬೇಡ. ಎರಡು ಜಾಲಗಳ ನಡುವೆ ಒಂದು ರೂಟರ್ ಇಟ್ಟು, ದಾರಿಯ ಸಾಲುಗಳನ್ನೂ ಯಾರು ಎಲ್ಲಿಗೆ ಹೋಗಬಹುದೆಂಬ ನಿಯಮಗಳನ್ನೂ ಅದರಲ್ಲೇ ಬರೆದಿಡಬಹುದು. ಯಂತ್ರಕ್ಕೆ ಒಂದೇ ತಂತಿ, ಒಂದೇ ಹೆಬ್ಬಾಗಿಲು. ಅಂಗಡಿಗಳಲ್ಲಿ 'ಡ್ಯುಯಲ್ ವ್ಯಾನ್' ಎಂಬ ಹೆಸರಿನಲ್ಲಿ ಮಾರುವ ರೂಟರುಗಳು ಮುಖ್ಯವಾಗಿ ಎರಡು ಅಂತರಜಾಲ ಸಂಪರ್ಕಗಳನ್ನು ಒಟ್ಟಿಗೆ ಬಳಸಲು ಇರುವಂತಹವು. ಹೆಸರು ನೋಡಿ ಕೊಳ್ಳಬಾರದು.

ಜೋಡಣೆಯನ್ನು ಹಿಂತೆಗೆಯಬೇಕಾದರೆ 'ರೂಟ್ ಡಿಲೀಟ್ 10.1.1.0' ಎಂದು ಆದೇಶಿಸಿ, ಕಚೇರಿಯ ಕಾರ್ಡಿಗೆ ಹಿಂದಿನ ಗೇಟ್‌ವೇ ತುಂಬಿದರೆ ಯಂತ್ರ ಮೊದಲಿನ ಸ್ಥಿತಿಗೆ ಬರುತ್ತದೆ. ಹಾಗಾಗಿ ಕೆಲಸ ಆರಂಭಿಸುವ ಮೊದಲೇ 'ಐಪಿಕಾನ್ಫಿಗ್' ಆದೇಶ ಕೊಟ್ಟು ಬಂದ ವಿವರಗಳನ್ನು ಕಾಗದದ ಮೇಲೆ ಬರೆದು ಯಂತ್ರದ ಬದಿಗೆ ಅಂಟಿಸಿಡಿ. ಮಲೆನಾಡು, ಕರಾವಳಿಯ ಕಚೇರಿಗಳಲ್ಲಿ ಈ ಕಾಗದ ಬೇಗನೆ ಉಪಯೋಗಕ್ಕೆ ಬರುವ ಸಂಭವ ಹೆಚ್ಚು. ಗುಡುಗು ಸಿಡಿಲಿನ ದಿನಗಳಲ್ಲಿ ದೂರವಾಣಿ ತಂತಿಯ ಮೂಲಕ ಬಂದ ಮಿಂಚು ಮೋಡೆಮ್ಮನ್ನೂ ಅದಕ್ಕೆ ಜೋಡಿಸಿದ ಕಾರ್ಡನ್ನೂ ಒಟ್ಟಿಗೆ ಸುಡುವುದು ಅಲ್ಲಿ ಹೊಸತಲ್ಲ. ಕಚೇರಿಯ ಕಾರ್ಡೇ ಸುಟ್ಟು ಹೊಸದನ್ನು ಹಾಕಿ ಅದೇ ಸಂಖ್ಯೆಯನ್ನು ತುಂಬಿದಾಗ, ಈ ವಿಳಾಸ ಈಗಾಗಲೇ ಕಣ್ಣಿಗೆ ಕಾಣದ ಬೇರೊಂದು ಕಾರ್ಡಿಗೆ ಕೊಡಲಾಗಿದೆ, ಬೇರೆ ಸಂಖ್ಯೆ ತುಂಬುವಿರಾ ಎಂದು ಎಕ್ಸ್‌ಪಿ ಕೇಳುತ್ತದೆ. ಕಿತ್ತೆಸೆದ ಹಳೆಯ ಕಾರ್ಡಿನ ನೆನಪು ಅದರಲ್ಲಿ ಉಳಿದಿರುವುದರಿಂದ ಹೀಗಾಗುತ್ತದೆ. 'ನೋ' ಒತ್ತಿದರೆ ಅದೇ ಸಂಖ್ಯೆ ಹೊಸ ಕಾರ್ಡಿಗೆ ಸೇರುತ್ತದೆ.